ದಿಬ್ಬಕ್ಕೆ ಮಣ್ಣು ಹೊರುವ ಅಕ್ಕ

ಬೀದಿ ದೀಪ ಇನ್ನೂ ಆರಿಲ್ಲ. ದಿಬ್ಬದ ಬುಡದ ಚರಂಡಿಯಿಂದ ಒಬ್ಬ ಹೆಂಗಸು ಮಣ್ಣು ಬಾಚಿ ಬಾಂಡ್ಲಿಗೆ ತುಂಬುತ್ತಿದ್ದಾರೆ. ತುಂಬಿದ್ದನ್ನು ತಲೆಗೇರಿಸಿಕೊಂಡು ಓರೆಯಾಗಿ ಹತ್ತುತ್ತಾರೆ. ನೆಟ್ಟಗೆ ಹತ್ತಿದರೆ ಕಾಲುದಾರಿ ಬೀಳುತ್ತದೆ, ಮಳೆ ಬಂದಾಗ ಅದೇ ಕಾಲುವೆಯಾಗುತ್ತದೆ. ಜನರ ಕಾಲಿಗೆ, ಗಾಳಿಗೆ ಜಾರಿದ ಮಣ್ಣೆಲ್ಲ ಬೆಳಗಾಗುವುದರೊಳಗೆ ವಾಪಸ್ ಮೇಲೆ. ಓಣಿಗೆಲ್ಲ ಇವರು ದಿಬ್ಬದಕ್ಕ.

ಈ ಊರು ಕಟ್ಟಿದ ದೊರೆ ಈ ದಿಬ್ಬದೊಳಗೆ ಮಲಗಿದ್ದಾನೆ ಎಂಬುದು ಹಳೆಯ ನಂಬಿಕೆ. ಅವನು ಸತ್ತಾಗ ಮನೆಗೊಬ್ಬರಂತೆ ಬಂದು ಮಣ್ಣು ಸುರಿದು ಹೋದರಂತೆ. ಅಗೆದು ನೋಡಿದವರಿಲ್ಲ, ಅಕ್ಕನಿಗೆ ಸಂಶಯವೂ ಇಲ್ಲ. ದಿನಾ ಮನೆಯಿಂದ ಹೊರಡುವಾಗ "ಮಣ್ಣಿಗೆ ಹೋಗ್ಬರ್ತೀನಿ" ಎನ್ನುವುದು ಅವರ ರೂಢಿ. ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆ ಇದನ್ನು ಕೇಳಿ, ಯಾರು ತೀರಿಕೊಂಡರು ಎಂದು ಓಡಿಬಂದಳಂತೆ. "ಗಾಬರಿ ಆಗ್ಬೇಡ ಕಣಮ್ಮ, ಬಹಳ ಹಳೇ ಸಾವು" ಎಂದರಂತೆ ಅಕ್ಕ.

ಹೀಗೆ ನಗಿಸುವ ಅಕ್ಕ ಕಳೆದ ವರ್ಷ ಊಟ ನಿದ್ದೆ ಬಿಟ್ಟಿದ್ದರು. ದಿಬ್ಬ ನೋಡಲು ಬರುವವರ ಕಣ್ಣಿಗೆ ಚೊಕ್ಕವಾಗಿ ಕಾಣಲೆಂದು ತಾವೇ ಉತ್ತರದ ಮಗ್ಗುಲಿನ ಕಳೆಯನ್ನೆಲ್ಲ ಬೇರುಸಹಿತ ಕಿತ್ತುಹಾಕಿದ್ದರು. ಮಳೆ ಬಂತು, ಹಿಡಿದುಕೊಳ್ಳಲು ಬೇರಿಲ್ಲದ ಮಣ್ಣು ರಸ್ತೆಗೇ ಇಳಿಯಿತು. ಸಿಮೆಂಟ್ ಹೊದಿಸಿಬಿಡೋಣ ಎಂದರು ನಗರಸಭೆಯ ಎಂಜಿನಿಯರು. ಹಾಗಾದರೆ ದಿಬ್ಬದ ಹಸಿರೂ ಹೋಯಿತು, ಅಕ್ಕನ ಕೆಲಸವೂ ಹೋಯಿತು. ತಪ್ಪು ತನ್ನದೇ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ ಅಕ್ಕ ಒಂದು ಅವಕಾಶ ಕೇಳಿದರು. ಮುಂದಿನ ವರ್ಷದ ಮೊದಲ ಜೋರು ಮಳೆಗೆ ಮಣ್ಣು ಜಾರದಿದ್ದರೆ ಸಿಮೆಂಟ್ ಬೇಡ ಎಂದು ಮಾತಾಯಿತು. ಎಂಜಿನಿಯರೂ ಕಲ್ಲೆದೆಯವರಲ್ಲ.

"ಕೀಳೋದು ಅರ್ಧ ದಿನದ ಕೆಲಸ. ನೆಡೋಕೆ ಬೇಸಿಗೆ ಪೂರ್ತಿ ಬೇಕಾಯ್ತು," ಎನ್ನುತ್ತಾರೆ ಅಕ್ಕ. ಅವರು ಗರಿಕೆ ಊರುತ್ತಾ ಹೋದರೆ, ದರ್ಜಿಯಾದ ಗಂಡ ಸಂಜೆ ಹೊಲಿಗೆ ಮುಗಿಸಿ ಕೊಡದಲ್ಲಿ ನೀರು ಹೊರುತ್ತಿದ್ದರು. ಹೆಂಡತಿಯ ಮೇಲಿನ ಪ್ರೀತಿಗೋ, ದೊರೆಯ ಮೇಲಿನ ಗೌರವಕ್ಕೋ ಎಂದು ಕೇಳಿದರೆ, "ಇವಳು ಕೆಲಸ ಇಲ್ಲದೆ ಮನೇಲಿ ಕೂತ್ರೆ ನನಗೆ ಉಳಿಗಾಲ ಇಲ್ಲ" ಎಂದು ನಗುತ್ತಾರೆ.

ಮಾತು ನಡೆದಿರುವಾಗಲೇ ವರ್ಷದ ಮೊದಲ ಮಳೆ ಧೋ ಎಂದು ಸುರಿಯುತ್ತದೆ. ಎಂಜಿನಿಯರು ಕೊಡೆ ಹಿಡಿದು ಓಡಿಬರುತ್ತಾರೆ. ಎಲ್ಲರ ಕಣ್ಣೂ ಉತ್ತರದ ಮಗ್ಗುಲಿನ ಮೇಲೆ. ಗರಿಕೆಯ ನಡುವಿನಿಂದ ನೀರು ಇಳಿದು ಬರುತ್ತದೆ. ಅಕ್ಕ ಬೊಗಸೆಯಲ್ಲಿ ಹಿಡಿದು ನೋಡುತ್ತಾರೆ. ಅಂಗೈಯ ಗೆರೆ ಕಾಣುವಷ್ಟು ತಿಳಿ. ಇನ್ನು ಸಿಮೆಂಟಿನ ಮಾತಿಲ್ಲ ಎಂದು ಎಂಜಿನಿಯರು ಅಕ್ಕನನ್ನು ಹೊಗಳಲು ಶುರುಮಾಡುತ್ತಾರೆ. ಅಕ್ಕ ಒದ್ದೆ ತಲೆಬಟ್ಟೆ ಹಿಂಡುತ್ತಾ ಅರ್ಧಕ್ಕೇ ತಡೆಯುತ್ತಾರೆ.

"ಕಿತ್ತೋಳೂ ನಾನೇ, ನೆಟ್ಟೋಳೂ ನಾನೇ. ಹೊಗಳೋದಾದ್ರೆ ಹುಲ್ಲನ್ನ ಹೊಗಳಿ ಸಾರ್, ಅದು ನನ್ನ ಮಾನ ಉಳಿಸ್ತು."