ಸಡಿಲ ಬಿಟ್ಟ ಬೋಲ್ಟು

ಮೊನ್ನೆ ಚಿತ್ರದುರ್ಗದ ನಮ್ಮ ಮನೆಗೆ ಪ್ಲಂಬರ್ ಬಂದು ಸಿಂಕಿನ ಸುತ್ತ ನೀರು ಸೋರದಂತೆ ಸೀಲಂಟ್ ಪೇಸ್ಟ್ ಹಚ್ಚಿ ಹೋದ. ಅಡುಗೆಮನೆಯೆಲ್ಲ ಹುಳಿ ಹುಳಿ ವಾಸನೆ. ಆ ವಾಸನೆಗೆ ಹಾಸ್ಟೆಲ್ಲಿನ ನನ್ನ ರೂಮಿನವಳು ನೆನಪಾದಳು... ಜೊತೆಗೆ ಹಳೆಯ ಹೊಟ್ಟೆಕಿಚ್ಚೂ ಎದ್ದು ಕೂತಿತು.

ಹಿರಿಯೂರಿನಲ್ಲಿ ಡಿಗ್ರಿ ಓದುವಾಗ ಮಾರಿಕಣಿವೆ ಹಿನ್ನೀರಿನಲ್ಲಿ ನಮಗೆ ಹಾಯಿದೋಣಿ ನಡೆಸುವ ಶಿಬಿರವಿತ್ತು. ಕೊನೆಗೆ ನಮ್ಮಿಬ್ಬರಲ್ಲಿ ಒಬ್ಬಳನ್ನು ಕಾರವಾರದ ಸ್ಪರ್ಧೆಗೆ ಕಳಿಸುವುದೆಂದು ಮಾತಾಗಿತ್ತು. ನಾನು ಜವನಗೊಂಡನಹಳ್ಳಿ ಕಡೆಯ ಕೂಲಿಯವರ ಮಗಳು, ನಮ್ಮ ಮನೆತನದಲ್ಲಿ ಕಾಲೇಜು ಕಂಡ ಮೊದಲನೆಯವಳು. ಸಮುದ್ರ ಕಂಡವರಂತೂ ಯಾರೂ ಇರಲಿಲ್ಲ. ಅವಳಿಗೆ ಹೊಸದುರ್ಗದಲ್ಲಿ ಅಪ್ಪನ ಬಟ್ಟೆ ಅಂಗಡಿ, ಮನೆಯಿಂದ ಡಬ್ಬಿ ತುಂಬ ಚಕ್ಕುಲಿ.

ಶಿಬಿರದ ಮೇಷ್ಟ್ರು ಇಬ್ಬರಿಗೂ ಒಂದೊಂದು ಹಳೇ ದೋಣಿ ಕೊಟ್ಟರು. ಅವುಗಳ ಮೇಲ್ಭಾಗ ಮುಚ್ಚಿರುತ್ತದೆ. ಹಗ್ಗದ ರಾಟೆ, ಕೊಕ್ಕೆಗಳನ್ನು ಅಲ್ಲಿ ತೂತು ಕೊರೆದು ಬೋಲ್ಟು ಹಾಕಿ ಕೂರಿಸಿರುತ್ತಾರೆ. ನೀರು ಒಳಗಿಳಿಯುವುದು ಆ ತೂತುಗಳಿಂದಲೇ.

"ಎಲ್ಲಾ ಬಿಚ್ಚಿ ಹೊಸದಾಗಿ ಪೇಸ್ಟ್ ಹಾಕಿ ಕೂರಿಸ್ರಮ್ಮ. ಯಾರ ದೋಣಿ ಒಳಗೆ ಒಣಗಿರ್ತೈತೋ ಅವರು ಕಾರವಾರಕ್ಕೆ," ಅಂದರು.

ನಾನು ಸ್ಪ್ಯಾನರ್ ಹಿಡಿದು ಅಂಗೈ ಕೆಂಪಾಗುವ ತನಕ ಬಿಗಿದೆ. ಇದೇ ಹುಳಿ ವಾಸನೆಯ ಪೇಸ್ಟ್ ಸುತ್ತಲೂ ಉಕ್ಕಿ ಬಂತು, ಒರೆಸಿದೆ. ಅವಳು ನಟ್ಟುಗಳನ್ನು ಬೆರಳಲ್ಲೇ ತಿರುಗಿಸಿ ಎದ್ದುಬಿಟ್ಟಳು.

"ಲೇ, ಹಸಿವಾಗ್ತೈತೆ ಕಣೇ. ಊಟಕ್ಕೆ ಹೋಗಾಣ ಬಾ."

"ಅರ್ಧಕ್ಕೆ ಬಿಟ್ಟು ಬರ್ತೀಯಾ?"

"ಅದೇನು ಎದ್ದು ಓಡೋಗ್ತೈತಾ? ನಾಳೆ ಬಿಗಿದ್ರಾಯ್ತು. ನೀನು ಅದರ ಕುತ್ತಿಗೆ ಹಿಚುಕ್ತಾ ಕುಂತ್ಕ."

ಅರ್ಧಕ್ಕೆ ಬಿಟ್ಟು ಏಳುವುದು ನನಗೆ ಗೊತ್ತೇ ಇರಲಿಲ್ಲ. ಎದ್ದು ಹೋದರೂ ನನ್ನ ಜಾಗ ನಾಳೆಗೆ ಹಾಗೇ ಇರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ...

ಮಾರನೇ ದಿನ ಅವಳು ಆಕಳಿಸುತ್ತಾ ಬಂದು ಬಿಗಿದಳು. ಎರಡೂ ದೋಣಿಗಳನ್ನು ಸಂಜೆ ತನಕ ಓಡಿಸಿ, ದಡಕ್ಕೆಳೆದು, ತಳದ ಬಿರಡೆ ತೆಗೆದರು. ನನ್ನದರಿಂದ ನೀರು ಸುರಿಯಿತು. ಅವಳದರಿಂದ ಹನಿಯೂ ಇಲ್ಲ.

"ಹಸಿ ಇದ್ದಾಗಲೇ ಬಿಗಿದ್ರೆ ಪೇಸ್ಟೆಲ್ಲಾ ಹೊರಗೆ ಬರ್ತೈತಮ್ಮ, ನೀರು ತಡಿಯಾಕೆ ಒಳಗೇನು ಉಳೀತೈತೆ? ಆರಿ ರಬ್ಬರ್ ಆದಮೇಲೆ ಬಿಗೀಬೇಕು," ಅಂದರು ಮೇಷ್ಟ್ರು. ಅವಳಿಗೂ ಅದು ಗೊತ್ತಿರಲಿಲ್ಲ. ಹಸಿವಾಗಿತ್ತು, ಅಷ್ಟೇ.

ಕಾರವಾರದಿಂದ ಬಂದವಳನ್ನು ಸಮುದ್ರ ಹೇಗಿತ್ತು ಎಂದು ಕೇಳಿದೆ. "ಬರೀ ಉಪ್ಪು ಕಣೇ. ಎರಡೇ ದಿನಕ್ಕೆ ಬ್ಯಾಸರ ಆತು," ಎಂದು ಚಕ್ಕುಲಿ ಡಬ್ಬಿ ನನ್ನ ಮುಂದೆ ತಳ್ಳಿದಳು. ಸೋತಿದ್ದಕ್ಕಿಂತ ಆ ಮಾತು ಹೆಚ್ಚು ಸುಟ್ಟಿತು.

ಡಿಗ್ರಿಯನ್ನೂ ಅವಳು ಅರ್ಧಕ್ಕೇ ಬಿಟ್ಟು ಮದುವೆಯಾದಳು, ನಗುನಗುತ್ತಲೇ. ನಾನು ಮುಗಿಸಿದೆ. ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಆ ಹೆಮ್ಮೆ ನನಗಿದೆ, ಮುಚ್ಚಿಡುವುದಿಲ್ಲ.

ಹೋದ ವರ್ಷ ಮಕ್ಕಳನ್ನು ಕರೆದುಕೊಂಡು ಕಾರವಾರಕ್ಕೆ ಹೋಗಿದ್ದೆ. ಬೇಸರ ಬಂದೀತೇನೋ ಎಂದು ಇದ್ದಷ್ಟು ದಿನವೂ ಕಾದೆ, ಬರಲಿಲ್ಲ. ಊರಿಗೆ ಬಂದವಳೇ ಇದನ್ನು ಅವಳಿಗೆ ಹೇಳಿ ಒಂದಿಷ್ಟು ಹೊಟ್ಟೆ ಉರಿಸಬೇಕೆಂದು ಹೊಸದುರ್ಗದ ಅಂಗಡಿಗೆ ಫೋನ್ ಮಾಡಿದೆ. ಅವಳ ಅಣ್ಣ ಎತ್ತಿಕೊಂಡರು.

"ಅವಳು ತೀರ್ಕಂಡು ಬಾಳ ದಿನ ಆತಲ್ಲಮ್ಮ... ನಿಮಗೆ ಯಾರೂ ತಿಳಿಸ್ಲಿಲ್ವಾ?"

ಕಾರವಾರ ಹೇಗಿತ್ತು ಎಂದು ಕೇಳಿದವರಿಗೆ ಈಗ ಚೆನ್ನಾಗಿತ್ತು ಅಂತಷ್ಟೇ ಹೇಳುತ್ತೇನೆ. ಉಳಿದಿದ್ದೆಲ್ಲ ಅವಳಿಗೆ ಹೇಳಬೇಕಾಗಿದ್ದು.