ಮಹಾದೇವಿಗೆ ಕೇಳಿಸಿದ ಹಾಡು

ಮುಂಬೈ ಪಕ್ಕದ ಠಾಣೆ ಊರಿನ ಮಾಜಿವಾಡಾ ಸಿಗ್ನಲ್ಲಿನಲ್ಲಿ ರಿಕ್ಷಾ ನಿಂತು ಹತ್ತು ನಿಮಿಷವಾಗಿತ್ತು. ತಲೆಯ ಮೇಲೆ ಫ್ಲೈಓವರು, ಪಕ್ಕದಲ್ಲಿ ಮೆಟ್ರೋ ಕೆಲಸದ ತಗಡಿನ ಬೇಲಿ, ಮುಂದೆ ಸಾಲು ಲಾರಿಗಳ ಬೆನ್ನು. ಅಲ್ಲಿ ಸಿಕ್ಕಿಬಿದ್ದವರಿಗೆ ಮಾಡಲು ಇರುವುದು ಎರಡೇ ಕೆಲಸ ಎಂದು ನಿಮಗೂ ಗೊತ್ತಿರಬಹುದು. ಮನೆಯಿಂದ ಹೊರಟ ಗಳಿಗೆಯನ್ನು ಬೈದುಕೊಳ್ಳುವುದು, ರಿಕ್ಷಾದವನ ರೇಡಿಯೋ ಕೇಳುವುದು. ಮೊದಲನೆಯದನ್ನು ಮುಗಿಸಿ ಎರಡನೆಯದಕ್ಕೆ ಬರುವಷ್ಟರಲ್ಲಿ ಒಂದು ಗಿಟಾರು ಮೆಲ್ಲಗೆ ಶುರುವಾಯಿತು. ನಾಲ್ಕು ಸ್ವರ ಕಿವಿಗೆ ಬಿದ್ದದ್ದೇ ತಡ, ನನ್ನ ಹೆಬ್ಬೆರಳೂ ತೋರುಬೆರಳೂ ತಾವಾಗಿ ಕೂಡಿಕೊಂಡು ಅಲ್ಲಿಲ್ಲದ ಸೂಜಿಯೊಂದನ್ನು ಹಿಡಿದವು.

"ಕ್ಯಾ ಸೋನೇವಾಲಾ ಗಾನಾ ಲಗಾಯಾ ಹೈ," ಎಂದು ರಿಕ್ಷಾದವನು ರೇಡಿಯೋದ ಗುಂಡಿಗೆ ಕೈ ಹಾಕಿದ. ನಿದ್ದೆ ಬರಿಸುವ ಹಾಡಂತೆ.

"ರೆಹನೇ ದೋ ಭೈಯಾ," ಎಂದೆ. ನನ್ನ ದನಿ ನಾನೆಣಿಸಿದ್ದಕ್ಕಿಂತ ದೊಡ್ಡದಾಗಿ ಬಂತು. ಅವನು ಕನ್ನಡಿಯಲ್ಲಿ ಒಮ್ಮೆ ನನ್ನ ಮುಖ ನೋಡಿ ಕೈ ತೆಗೆದ.

ಹನ್ನೆರಡು ವರ್ಷವಾಗಿತ್ತು ಆ ಹಾಡು ಕೇಳಿ. ಆಗ ನನಗೆ ಇಪ್ಪತ್ತೆರಡು. ಬಿ.ಎ. ಮುಗಿಸಿ, ಎರಡು ಬ್ಯಾಂಕ್ ಪರೀಕ್ಷೆಗಳಲ್ಲಿ ನಪಾಸಾಗಿ, ಡೊಂಬಿವಲಿಯ ಮನೆಯಲ್ಲಿ ಅಮ್ಮನ ಕಣ್ಣಿಗೆ ಬೀಳದಂತೆ ಓಡಾಡುತ್ತಿದ್ದ ಕಾಲ. ಅಮ್ಮನಿಗೆ ಪರಿಚಯದ ಕುಸುಮಕ್ಕ ಎಂಬವರು ಠಾಣೆಯ ನೌಪಾಡಾದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದರು. ಉಡುಪಿ ಕಡೆಯವರು. ಹದಿನೆಂಟಕ್ಕೆ ಮದುವೆಯಾಗಿ ಬಂದು, ಗಂಡ ತೀರಿಕೊಂಡ ಮೇಲೆ ಸೀರೆಗೆ ಫಾಲ್ ಹಚ್ಚುವುದರಿಂದ ಆರಂಭಿಸಿ ಆ ಅಂಗಡಿ ಕಟ್ಟಿದವರು. ಮುಂದಿನ ಪರೀಕ್ಷೆಯವರೆಗೆ ಅಲ್ಲಿಗೆ ಹೋಗು ಎಂದು ಅಮ್ಮ ಅಟ್ಟಿದಳು. ನಾನು ಹೊಲಿದ ಮೊದಲ ತೋಳನ್ನು ಕುಸುಮಕ್ಕ ಬೆಳಕಿಗೆ ಹಿಡಿದು ನೋಡಿ, "ನೀನು ಹುಕ್ಕು ಹಚ್ಚು ಮಾರಾಯ್ತಿ, ಮೆಶಿನ್ ಮುಟ್ಟಬೇಡ," ಎಂದರು. ಹೀಗೆ ನಾನು ಒಂದು ವರ್ಷ ಠಾಣೆಯ ಹೆಂಗಸರ ಬೆನ್ನಿಗೆ ಹುಕ್ಕು ಹಚ್ಚಿದೆ.

ಅಂಗಡಿಯಲ್ಲಿ ನಿಜವಾಗಿ ಹೊಲಿಯುತ್ತಿದ್ದವಳು ಮಹಾದೇವಿ. ವಿಜಯಪುರ ಜಿಲ್ಲೆಯ ಸಿಂದಗಿ ಕಡೆಯವಳು, ಮೂವತ್ತು ದಾಟಿರಲಿಲ್ಲ. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ, ಒಮ್ಮೆ ಕಲ್ಯಾಣ, ಒಮ್ಮೆ ಘಣಸೋಲಿ, ಎಲ್ಲಿ ಗೋಡೆ ಏಳುತ್ತದೋ ಅಲ್ಲಿ. ಅವರ ಕೋಣೆ ಠಾಣೆಯ ಪಕ್ಕದ ಕಳವಾ ಎಂಬಲ್ಲಿ ಗುಡ್ಡದ ಓರೆಯಲ್ಲಿತ್ತು. ಮಹಾದೇವಿ ಮೆಶಿನ್ ತುಳಿಯುವ ಸದ್ದಿಗೆ ಒಂದು ಲಯವಿತ್ತು. ಒಂದು ಹೊಲಿಗೆ ಮುಗಿಯುವವರೆಗೆ ಅದು ತಪ್ಪುತ್ತಿರಲಿಲ್ಲ. ಬಟ್ಟೆಯ ಬಣ್ಣ ನೋಡದೆ ಕೈಯಲ್ಲಿ ಮುಟ್ಟಿಯೇ "ಇದು ಒಗದ್ರ ಕುಗ್ಗತದ್ರೀ," ಎನ್ನುವಳು. ಅದು ಕುಗ್ಗಿಯೇ ಕುಗ್ಗುತ್ತಿತ್ತು.

ಮಧ್ಯಾಹ್ನ ಮೂರೂವರೆಗೆ ರೇಡಿಯೋದಲ್ಲಿ ಹೊಸಬರ ಹಾಡುಗಳನ್ನು ಹಾಕುವ ಒಂದು ಕಾರ್ಯಕ್ರಮವಿತ್ತು. ಆ ಬೇಸಿಗೆಯಲ್ಲಿ ಅವರು ದಿನವೂ ಒಂದು ಹಾಡು ಹಾಕತೊಡಗಿದರು. ಯಾವ ಸಿನಿಮಾದ್ದೂ ಅಲ್ಲ. ಒಂದು ಗಿಟಾರು, ಆಗೀಗ ಒಂದು ಕೊಳಲು, ಯಾರೋ ಹುಡುಗನ ಸಣ್ಣ ದನಿ. ಗುಡ್ಡಗಾಡಿನ ಕಡೆಯ ಹಿಂದಿ, ಅರ್ಧ ಅರ್ಥವಾಗುತ್ತಿತ್ತು, ಅರ್ಧ ಇಲ್ಲ. ಪಲ್ಲವಿಯಲ್ಲಿ ಮಾತ್ರ "ನದೀ ರೀ, ನದೀ ರೀ" ಎಂದು ಎಳೆದೆಳೆದು ಹಾಡುತ್ತಿದ್ದ. ಹೊಳೆಯನ್ನು ಗೆಳತಿಯಂತೆ ಕರೆಯುವ ಹಾಡು.

ಒಂದು ಹಾಡನ್ನು ಇಷ್ಟು ಜನ ಇಷ್ಟು ಬಗೆಯಾಗಿ ಕೇಳಬಹುದು ಎಂದು ನಾನು ಕಂಡದ್ದು ಅಲ್ಲಿಯೇ. ಪಕ್ಕದ ಗಡಿಯಾರ ರಿಪೇರಿ ಅಂಗಡಿಯ ಕಾಕಾ ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಕತ್ತು ಹೊರಚಾಚಿ, "ಗಾಣಂ ಸುರು ಕಧೀ ಹೋಣಾರ?" ಎಂದು ಕೇಳಿದರು. ಹಾಡು ಶುರುವಾಗುವುದು ಯಾವಾಗ ಎಂದು! ಅದಾಗಲೇ ಮುಗಿಯುತ್ತ ಬಂದಿತ್ತು. ಬ್ಲೌಸಿನ ಅಳತೆ ನೋಡಲು ಬಂದ ಟೀಚರ್ ಒಬ್ಬರು ಮಾತ್ರ ಬೆಂಚಿನ ಮೇಲೆ ಕೂತು, ಹಾಡು ಪೂರ್ತಿ ಮುಗಿದ ಮೇಲೆಯೇ ಎದ್ದರು. ಕುಸುಮಕ್ಕನಿಗಂತೂ ಅದು ಸೇರುತ್ತಲೇ ಇರಲಿಲ್ಲ. "ಇವನಿಗೆ ಶೀತ ಆಗಿದೆಯಾ ಎಂಥ? ಮೂಗಿನಲ್ಲೇ ಹಾಡ್ತಾನೆ," ಎನ್ನುತ್ತಿದ್ದರು. ಆದರೂ ಎದ್ದು ಹೋಗಿ ರೇಡಿಯೋ ನಿಲ್ಲಿಸಿದವರಲ್ಲ.

ಇನ್ನು ನಾನು. ಆ ಹಾಡನ್ನು ನನಗಾಗಿಯೇ ಹಾಡಿದ್ದಾರೆ ಎಂದು ನಂಬಿದ್ದೆ. ಯಾರೋ ನನ್ನನ್ನು ಬಿಟ್ಟು ದೂರ ಹೋದಂತೆ, ನಾನು ದಡದಲ್ಲಿ ನಿಂತಂತೆ ಕಣ್ಣು ತುಂಬಿಕೊಳ್ಳುತ್ತಿದ್ದೆ. ಬಿಟ್ಟುಹೋಗಬೇಕಾದರೆ ಮೊದಲು ಯಾರಾದರೂ ಜೊತೆಗಿರಬೇಕಲ್ಲ! ಆ ಸಣ್ಣ ಕೊರತೆ ಇಪ್ಪತ್ತೆರಡರ ದುಃಖಕ್ಕೆ ಅಡ್ಡಿಯಾಗಲಿಲ್ಲ.

ಹಾಡು ಬಂದಾಗ ಮಹಾದೇವಿಯ ಕಾಲು ನಿಧಾನವಾಗುತ್ತಿತ್ತು, ಅಷ್ಟೇ. ಒಂದು ವಾರದ ಮೇಲೆ ಕೇಳಿದಳು:

"ತಂಗಿ, ಈ ರೇಡಿಯೋದಾಗ ಕನ್ನಡ ಹಾಡು ಯಾವಾಗಿಂದ ಹಚ್ಚಾಕತ್ಯಾರ?"

"ಕನ್ನಡ ಎಲ್ಲಿ?"

"ಇದ ನೋಡು. ನಡೀರಿ, ನಡೀರಿ ಅಂತ ಎಷ್ಟ ಚಂದ ಕರಿಯಾಕತ್ತಾನ."

ನಾನು ನಕ್ಕೆ. ಸಣ್ಣಗಲ್ಲ, ಅಂಗಡಿ ತುಂಬ ನಕ್ಕೆ. ಬಿ.ಎ. ಓದಿದ್ದಕ್ಕೆ ಕೊನೆಗೂ ಒಂದು ಉಪಯೋಗ ಸಿಕ್ಕಿತ್ತು. "ಅದು ನಡೀರಿ ಅಲ್ಲ ಮಹಾದೇವಿ, ನದೀ ರೀ. ಹಿಂದಿ. ನದಿ, ನದಿ! ಅವನು ನಿಮ್ಮನ್ನು ಯಾಕೆ ಕರೆಯುತ್ತಾನೆ?" ಎಂದೆ. ಕುಸುಮಕ್ಕನೂ ನಕ್ಕರು.

"ಹೌದೇನು? ಹೊಳಿ ಏನದು?" ಎಂದಳು ಮಹಾದೇವಿ. ತಲೆ ತಗ್ಗಿಸಿ ಮೆಶಿನ್ನಿಗೆ ದಾರ ಪೋಣಿಸಿದಳು. ಒಂದೇ ಸಲಕ್ಕೆ ದಾರ ಪೋಣಿಸುವವಳು ಅಂದು ಮೂರು ಸಲ ತಪ್ಪಿದಳು. ಅದು ನನ್ನ ಕಣ್ಣಿಗೆ ಬಿತ್ತು. ಆದರೂ ನಗು ನಿಲ್ಲಲಿಲ್ಲ.

ಮರುದಿನ ಅದೇ ಹೊತ್ತಿಗೆ ಅವಳ ಕಾಲು ಮತ್ತೆ ನಿಧಾನವಾಯಿತು. ನನ್ನ ಕಡೆ ನೋಡದೆಯೇ ಅವಳು, "ನೀ ಹೇಳೂದು ಖರೇ ಇರಬೇಕು ತಂಗಿ. ಆದ್ರ ನನಗ ಹಂಗ ಕೇಳಸ್ತದ, ಏನ್ ಮಾಡ್ಲಿ?" ಎಂದಳು. ಆಮೇಲೆ ಕೈಯಲ್ಲಿದ್ದ ಬಟ್ಟೆಗೆ ಹೇಳುವವಳಂತೆ ಮಗಳ ವಿಷಯ ಹೇಳಿದಳು. ರೇಣುಕಾ ಎಂದು ಹೆಸರು, ಐದು ವರ್ಷ. ಇಬ್ಬರೂ ದುಡಿಯಲು ಹೋದರೆ ಗುಡ್ಡದ ಮೇಲಿನ ಆ ಕೋಣೆಯಲ್ಲಿ ನೋಡಿಕೊಳ್ಳುವವರಿಲ್ಲ ಎಂದು ಮೂರು ವರ್ಷದ ಕೆಳಗೆ ಊರಿನಲ್ಲಿ ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಳು. ನಾಲ್ಕು ತಿಂಗಳ ಮಟ್ಟಿಗೆ ಎಂದು.

"ದೀಪಾವಳಿಗೆ ಹೋಗಿದ್ನೆಲ್ಲ, ಅಜ್ಜಿಗೆ ಅವ್ವಾ ಅಂತಾಳ. ನನಗ ಮುಂಬೈ ಅತ್ತಿ ಅಂತ ಕರದ್ಲು. ಅತ್ತಿ, ನೀ ಯಾವಾಗ ಹೊಂಟಿ ಅಂತ ಕೇಳಿದ್ಲು."

ನಾನು ಮುಂದಿನ ಹುಕ್ಕು ಹಚ್ಚಿದೆ.

ಮದುವೆಯ ದಿನಗಳು ಬಂದವು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಸೀರೆಗಳು. ಒಂದು ಮಧ್ಯಾಹ್ನ ಹಾಡು ಬಂತು, ಮಹಾದೇವಿಯ ಕಾಲು ನಿಧಾನವಾಯಿತು, ಆಮೇಲೆ ನಿಂತೇಬಿಟ್ಟಿತು. ಹಾಡು ಮುಗಿಯುವವರೆಗೆ ಕೂತಳು. ಮತ್ತೆ ತುಳಿದು ಕೈಯಲ್ಲಿದ್ದ ಹೊಲಿಗೆಯನ್ನು ಕೊನೆಮುಟ್ಟಿಸಿದಳು. ದಾರ ಕತ್ತರಿಸಿ, ಬ್ಲೌಸನ್ನು ನಾಲ್ಕು ಮಡಿಕೆ ಮಾಡಿ ಇಟ್ಟು ಎದ್ದಳು.

"ಅಕ್ಕಾರ, ನಾ ಊರಿಗೆ ಹೊಂಟೀನ್ರೀ."

"ಯಾವಾಗ?" ಕುಸುಮಕ್ಕ ಕತ್ತರಿಯಿಂದ ಕಣ್ಣೆತ್ತಲಿಲ್ಲ.

"ಈಗ್ರೀ. ಮಗಳನ್ನ ಕರಕೊಂಡ ಬರ್ತೀನಿ."

ಕತ್ತರಿ ನಿಂತಿತು. "ತಲೆ ಸರಿ ಉಂಟಾ ನಿನಗೆ? ಗುರುವಾರಕ್ಕೆ ಹದಿನಾಲ್ಕು ಬ್ಲೌಸು ಕೊಡ್ಲಿಕ್ಕೆ ಉಂಟು. ಸೀಸನ್ ಮುಗಿದ ಮೇಲೆ ಹೋಗು."

"ಮೂರ ವರ್ಷದಿಂದ ಸೀಸನ್ ಮುಗದ ಮ್ಯಾಲ ಹೋಗ್ತೀನಿ ಅಂತನ ಕುಂತೀನ್ರೀ ಅಕ್ಕಾರ."

"ಹೋಗುವುದಾದರೆ ಹೋಗು. ಆದರೆ ಮತ್ತೆ ಈ ಬಾಗಿಲಿಗೆ ಬರಬೇಡ, ಹೇಳಿದ್ದೇನೆ."

ಮಹಾದೇವಿ ಚಪ್ಪಲಿ ಮೆಟ್ಟಿಕೊಂಡು, ನನ್ನ ಕಡೆ ತಿರುಗಿ, "ಬರ್ತೀನಿ ತಂಗಿ," ಎಂದು ಹೋದಳು. ಹೋಗುವವರು ಬರುತ್ತೇನೆ ಎನ್ನುವುದು ನಮ್ಮಲ್ಲಿ ಪದ್ಧತಿ. ಅದಕ್ಕೆ ಬೇರೆ ಅರ್ಥವೇನೂ ಇಲ್ಲ. ಆದರೆ ನಾನು ಆ ಮಾತನ್ನು ಇದ್ದಂತೆಯೇ ನಂಬಿ ಕಾದೆ.

ಹದಿನಾಲ್ಕು ಬ್ಲೌಸುಗಳನ್ನು ಕುಸುಮಕ್ಕ ಒಬ್ಬರೇ ಹೊಲಿದರು. ನಾನು ಹುಕ್ಕು ಹಚ್ಚಿದೆ. ನಾವಿಬ್ಬರೂ ಅವಳ ಹೆಸರೆತ್ತಲಿಲ್ಲ. ಒಂದು ದಿನ ನಾನು ಗುಂಡಿ ತರಲು ಹೋಗಿ ಹಿಂದಿರುಗಿದಾಗ ಹಾಡು ಬರುತ್ತಿತ್ತು. ಕುಸುಮಕ್ಕ ರೇಡಿಯೋದ ಹಲಗೆಗೆ ಹಣೆ ಆನಿಸಿ ನಿಂತಿದ್ದರು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡರು. "ಶಾಲೆಗೆ ಹೊಳೆ ದಾಟಿ ಹೋಗ್ಬೇಕಿತ್ತು ನಾವು. ದೋಣಿಯವ ಹೀಗೇ ಮೂಗಿನಲ್ಲಿ ಹಾಡ್ತಿದ್ದ," ಎಂದರು. ಮರುಗಳಿಗೆಯಲ್ಲಿ, "ಗುಂಡಿ ಸಿಕ್ಕಿತಾ?" ಎಂದು ಕೇಳಿದರು. ಕೆಲವು ದಿನಗಳಲ್ಲಿ ರೇಡಿಯೋದವರು ಆ ಹಾಡು ಹಾಕುವುದನ್ನು ಬಿಟ್ಟರು.

ಎರಡು ತಿಂಗಳ ಮೇಲೆ ನಾನು ಕಳವಾಕ್ಕೆ ಹೋದೆ. ಕೇಳುತ್ತ ಕೇಳುತ್ತ ಗುಡ್ಡ ಹತ್ತಿದೆ. ಕೋಣೆಯಲ್ಲಿ ಬೇರೆಯವರಿದ್ದರು. ಗಂಡನ ಕೆಲಸ ನವಿ ಮುಂಬೈ ಕಡೆ ಹೋಯಿತು, ಅವನೂ ಹೋದ ಎಂದರು. ಹೆಂಡತಿ? ಹೊಸದಾಗಿ ಬಂದವರು ಅವರು, ಅವರಿಗೆ ತಿಳಿಯದು. ಅವಳು ಊರಿನಲ್ಲೇ ಉಳಿದಳು ಎಂದು ನಾನೇ ತೀರ್ಮಾನಿಸಿಕೊಂಡೆ. ಅಂಗಡಿಯಲ್ಲಿ ಅವಳ ಮೆಶಿನ್ನು ಖಾಲಿಯೇ ಇತ್ತು. ಮುಂದೆ ನನಗೆ ಒಂದು ಶಾಲೆಯ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಕುಸುಮಕ್ಕನ ಮಂಡಿ ಕೈಕೊಟ್ಟು ಅಂಗಡಿ ಮುಚ್ಚಿತು. ಅವರು ನೆರೂಲಿಗೆ ಮಗನ ಮನೆಗೆ ಹೋದರು. ಹಬ್ಬಕ್ಕೊಂದು ಫೋನು, ಅದೂ ಬರಬರುತ್ತ ನಿಂತಿತು.

ರಿಕ್ಷಾದಲ್ಲಿ ಹಾಡು ಮುಗಿದು, ಹಾಡಿದವನ ಹೆಸರು ಹೇಳುವಷ್ಟರಲ್ಲಿ ಹಿಂದಿನ ಲಾರಿ ಹಾರ್ನು ಹೊಡೆಯಿತು. ಹೆಸರು ಕಿವಿಗೆ ಬೀಳಲಿಲ್ಲ. ಮನೆಗೆ ಹೊರಟಿದ್ದವಳು ಸ್ಟೇಷನ್ನಿಗೆ ಬಿಡು ಎಂದೆ. ನೆರೂಲಿನ ಲೋಕಲ್ ಹತ್ತಿದೆ.

ಕುಸುಮಕ್ಕ ಸೊರಗಿದ್ದರು. ಚಹಾ ಆಯಿತು, ಮಂಡಿಯ ಮಾತಾಯಿತು. ಹಾಡಿನ ವಿಷಯ ತೆಗೆದೆ.

"ಯಾವ ಹಾಡು? ನೆನಪಿಲ್ಲ."

ಗುನುಗಿ ತೋರಿಸಿದೆ. ನನ್ನ ಕಂಠ ದೇವರಿಗೇ ಪ್ರೀತಿ. ಆದರೂ ಅವರು ಕೊನೆಯವರೆಗೆ ಕೇಳಿದರು. ಚಹಾದ ಲೋಟ ಪಕ್ಕಕ್ಕೆ ಸರಿಸಿ, "ಅವಳು ಬಂದಿದ್ದಳು," ಎಂದರು.

"ಯಾರು?"

"ಮಹಾದೇವಿ. ನೀನು ಪರೀಕ್ಷೆಗೆ ಅಂತ ರಜೆ ಹಾಕಿದ್ದಿ ನೋಡು, ಆ ದಿನ. ಹೋಗಿ ಒಂದು ಇಪ್ಪತ್ತು ದಿನ ಆಗಿತ್ತೋ ಏನೋ. ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು ಬಾಗಿಲಲ್ಲಿ ನಿಂತಳು. ಐದು ವರ್ಷದ ಹುಡುಗಿ, ಎತ್ತಿಕೊಳ್ಳುವ ಪ್ರಾಯವಾ ಅದು? ಕಾಲು ನೆಲಕ್ಕೆ ತಾಗುವ ಹಾಗೆ ಜೋತಾಡ್ತಿತ್ತು. ಒಳಗೆ ಬಾ ಅಂತ ಹೇಳ್ಲಿಲ್ಲ ನಾನು. ಬೇರೆಯವರನ್ನು ಇಟ್ಟಾಗಿದೆ ಅಂದೆ. ಸುಳ್ಳು."

"ಅವಳು?"

"ಸಿಟ್ಟು ಮಾಡ್ಲಿಲ್ಲ. ಆಗಲಿ ಅಕ್ಕಾರ ಅಂದಳು. ಅಷ್ಟರಲ್ಲಿ ಮಗು ಅವಳ ಗಲ್ಲ ತಿರುಗಿಸಿ, ಅವ್ವಾ, ಇವರ್ಯಾರು ಅಂತ ಕೇಳಿತು." ಕುಸುಮಕ್ಕ ಮಂಡಿ ನೀವಿಕೊಂಡರು. "ಆಗ ಅವಳು ನನ್ನನ್ನು ನೋಡಿ ನಕ್ಕಳು ಮಾರಾಯ್ತಿ. ಮಗು ಅವ್ವಾ ಅಂದದ್ದು ನನಗೂ ಕೇಳಿತಾ ಅಂತ ನೋಡ್ಲಿಕ್ಕೆ. ನಾನು ಕೇಳದವರ ಹಾಗೆ ತಲೆ ತಗ್ಗಿಸಿ ಬಟ್ಟೆ ಕತ್ತರಿಸಿದೆ."

ಆ ಮೆಶಿನ್ನಿಗೆ ಒಳ್ಳೆಯ ಕೈ ಸಿಗಲಿಲ್ಲವೆಂದು ಖಾಲಿ ಬಿಟ್ಟಿದ್ದಾರೆ ಎಂದೇ ನಾನು ಅಷ್ಟು ವರ್ಷ ತಿಳಿದಿದ್ದೆ. "ನಾಳೆ ಬರ್ತಾಳೆ, ನಾಡಿದ್ದು ಬರ್ತಾಳೆ ಅಂತ ಅಂಗಡಿ ಮುಚ್ಚುವವರೆಗೂ ಅವಳ ಮೆಶಿನ್ ಖಾಲಿ ಇಟ್ಟೆ. ಹುಡುಕಿಕೊಂಡು ಹೋಗ್ಲಿಕ್ಕೆ ಮುಖ ಇರಲಿಲ್ಲ," ಎಂದರು.

"ನನಗಾದರೂ ಹೇಳಬಾರದಿತ್ತೇ ಕುಸುಮಕ್ಕ?"

"ಹೇಳಿದ್ದರೆ ನೀನು ನನ್ನ ಅಂಗಡಿಗೆ ಮತ್ತೆ ಬರ್ತಿದ್ದಿಯಾ?"

ನನಗೆ ಸಿಟ್ಟು ಬರಬೇಕಿತ್ತು. ಆದರೆ ಅವಳನ್ನು ನೋಡಿ ಅಂಗಡಿ ತುಂಬ ನಕ್ಕವಳು ನಾನೇ ಅಲ್ಲವೇ? ಅವರ ಮಂಡಿಗೆ ಎಣ್ಣೆ ಹಚ್ಚಿದೆ. ಬರುವ ಭಾನುವಾರ ಮತ್ತೆ ಬರುತ್ತೇನೆ ಎಂದೆ.

ಸಂಜೆಯ ಠಾಣೆ ಲೋಕಲ್ಲಿನ ಹೆಂಗಸರ ಡಬ್ಬಿಯಲ್ಲಿ ನಿಂತಿದ್ದೆ. ಘಣಸೋಲಿಯಲ್ಲಿ ಕೂಲಿ ಮುಗಿಸಿದ ಕೆಲವರು ಹತ್ತಿದರು. ಅವರಲ್ಲೊಬ್ಬಳು ಸೀಟು ಹಿಡಿದು, ಸರಿದು ಜಾಗ ಮಾಡಿ, "ಕೂಡ್ರಿ, ಯಾಕ ನಿಂತೀರಿ?" ಎಂದಳು. ನಾನು ಕನ್ನಡದವಳೆಂದು ಅವಳಿಗೆ ಹೇಗೆ ತಿಳಿಯಿತೋ. ಬಹುಶಃ ತಿಳಿದಿರಲಿಲ್ಲ, ಸುಮ್ಮನೆ ಬಾಯಿಗೆ ಬಂದ ಮಾತಿನಲ್ಲಿ ಕರೆದಿದ್ದಳು. ಕೂತೆ. ಯಾವ ಊರು ಎಂದೆ. ಅಫಜಲಪುರದ ಕಡೆ ಎಂದಳು. ಸಿಂದಗಿ ಕಡೆಯ ಮಹಾದೇವಿ ಎಂಬವಳು ಗೊತ್ತೇ, ಹೊಲಿಗೆಯವಳು, ಎಂದೆ.

"ನಮ್ಮ ಓಣ್ಯಾಗ ಮೂರ ಮಂದಿ ಮಹಾದೇವಿ ಅದಾರ್ರೀ," ಎಂದು ಅವಳು ನಕ್ಕಳು. "ನಿಮ್ಮಾಕಿ ಹೆಂಗಿದ್ಲು, ಹೇಳ್ರಿ."

ಹೇಳತೊಡಗಿದೆ. ಬಟ್ಟೆಯನ್ನು ಮುಟ್ಟಿ ನೋಡುತ್ತಿದ್ದ ಬಗೆ, ರೇಡಿಯೋ, ಅವಳಿಗೆ ಕೇಳಿಸಿದ ಮಾತು, ನನ್ನ ನಗು, ಬಾಗಿಲಲ್ಲಿ ನಿಂತ ತಾಯಿ ಮಗಳು, ಯಾವುದನ್ನೂ ಬಿಡಲಿಲ್ಲ. ರಬಾಳೆ ಹೋಯಿತು, ಐರೋಲಿ ಹೋಯಿತು. ಅವಳು ಬುತ್ತಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಪೂರ್ತಿ ಕೇಳಿದಳು. ಠಾಣೆ ಬಂದು ಎಲ್ಲರೂ ಎದ್ದಾಗ ಅವಳು ಕೇಳಿದ್ದು ಒಂದೇ ಮಾತು:

"ಆ ಹುಡುಗಿ ಸಾಲಿ ಕಲತ್ಲೇನ್ರೀ ಮುಂದ?"

ಈಗ ಹದಿನೇಳು ಆಗಿರಬೇಕು ರೇಣುಕಾಗೆ. ಗೊತ್ತಿಲ್ಲ ಎಂದೆ. ಅವಳು ನನ್ನ ಮೊಳಕೈ ಹಿಡಿದುಕೊಂಡಳು, ಜನರ ನೂಕಿಗೆ ನಾವಿಬ್ಬರೂ ಒಟ್ಟಿಗೆ ಇಳಿದೆವು.