ಜಾತಕದ ಜೊತೆ ಕಳಿಸುವ ಫೋಟೋ

ಮುಂಬಯಿ ಪಕ್ಕದ ಥಾಣೆಯಿಂದ ಡೊಂಬಿವಲಿಯವರೆಗಿನ ಕನ್ನಡದ ತಾಯಂದಿರಿಗೆ ಒಂದು ನಂಬಿಕೆ ಇದೆ: ಥಾಣೆ ಸ್ಟೇಷನ್ ಹತ್ತಿರದ ನನ್ನ ಸ್ಟುಡಿಯೋದಲ್ಲಿ ಫೋಟೋ ತೆಗೆಸಿದ ಹುಡುಗಿಗೆ ಬೇಗ ಗಂಡು ಸಿಗುತ್ತದೆ. ಮೊಬೈಲಿನಲ್ಲಿ ಎಷ್ಟು ಚಂದ ಬಂದರೂ ಜಾತಕದ ಜೊತೆ ಕಳಿಸಲು ಸ್ಟುಡಿಯೋದ್ದೇ ಆಗಬೇಕು. ಸೀರೆಯುಟ್ಟು ನಿಂತದ್ದು ಒಂದು, ಮುಖ ಮಾತ್ರ ಒಂದು. "ನಿನ್ನ ಕೈಗುಣ" ಎನ್ನುತ್ತಾರೆ. ನಲವತ್ತಾದರೂ ಮದುವೆಯಾಗದವಳ ಕೈಗುಣವನ್ನು ಮದುವೆಗೆ ನಂಬುವವರನ್ನು ಕಂಡು ನನಗೆ ಒಳಗೊಳಗೇ ನಗು. ನನ್ನ ಮನಸ್ಸು ಹೆಂಗಸರ ಕಡೆಗೇ ಎಂದು ಗೊತ್ತಾಗಿದ್ದರೆ ಇವರಲ್ಲಿ ಒಬ್ಬರೂ ಮಗಳನ್ನು ಕರೆದುಕೊಂಡು ನನ್ನ ಮೆಟ್ಟಿಲು ಹತ್ತುತ್ತಿರಲಿಲ್ಲ.

ಅವಳು ಮೊದಲು ಬಂದದ್ದು ವೀಸಾ ಫೋಟೋಗೆ. ಮೈಸೂರು ಕಡೆಯವಳು, ಮನೆ ಖಾರಘರದಲ್ಲಿ, ಕೆಲಸ ಇಲ್ಲೇ ಥಾಣೆಯ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಆಫೀಸಿನಲ್ಲಿ. ವೀಸಾ ಸಿಗಲಿಲ್ಲ, ಅವಳು ಮಾತ್ರ ಬರುತ್ತಲೇ ಇದ್ದಳು. ಟ್ರೈನಿನ ಗರ್ದಿ ಇಳಿಯಲಿ ಎಂಬುದು ನೆಪ. ಒಳಗಿನ ಕೋಣೆಯಲ್ಲಿ ಚಹಾ ಕುಡಿಯುತ್ತಾ ನನ್ನ ಕುಂದಾಪುರದ ಮಾತನ್ನು ಅಣಕಿಸುತ್ತಿದ್ದಳು. ಹಾಗೆ ನಾಲ್ಕು ವರ್ಷ. ನನ್ನ ಬದುಕಿನ ಒಳ್ಳೆಯ ದಿನಗಳೆಂದರೆ ಅವೇ.

ಒಂದು ಭಾನುವಾರ ಅವಳನ್ನು ಅವಳ ತಾಯಿಯೇ ಕರೆದುಕೊಂಡು ಬಂದರು. ಹಸಿರು ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ. "ನೋಡಮ್ಮ, ನೀನು ಇವಳ ಫ್ರೆಂಡು ಬೇರೆ. ಚೆನ್ನಾಗಿ ಬರೋ ಹಾಗೆ ತೆಗಿ" ಎಂದರು. ಅವಳು ನೆಲ ನೋಡುತ್ತಿದ್ದಳು.

ನಾನು ಬೇಕೆಂದೇ ಕೆಟ್ಟದಾಗಿ ತೆಗೆದೆ. ನೆತ್ತಿಯ ಮೇಲಿನ ಲೈಟ್ ಒಂದನ್ನೇ ಉರಿಸಿದೆ. ಕಣ್ಣ ಕೆಳಗೆ ಕಪ್ಪು ನೆರಳು ಬಿತ್ತು, ಮೂಗು ದಪ್ಪವಾಯಿತು. ಯಾರೂ ಒಪ್ಪಬಾರದು ಎಂಬುದಷ್ಟೇ ನನ್ನ ಲೆಕ್ಕ. ಕಲಿತ ವಿದ್ಯೆಗೆ ದ್ರೋಹ ಮಾಡಿ ಆ ದಿನ ಹೊಟ್ಟೆ ತುಂಬ ಉಂಡು ಮಲಗಿದೆ.

ನನ್ನ ಕೈಗುಣ ನಂಬಿದ ತಾಯಿ ಅದನ್ನೇ ಎಲ್ಲ ಕಡೆ ಕಳಿಸಿದರು. ನಾನು ಅಂದುಕೊಂಡಂತೆಯೇ ಆಯಿತು. ಒಂದಾದ ಮೇಲೆ ಒಂದು ಮನೆಯವರು ಬೇಡವೆಂದರು. ಆದರೆ ಆ 'ಬೇಡ' ಬಂದು ಬೀಳುತ್ತಿದ್ದದ್ದು ಅವಳ ತಟ್ಟೆಯ ಪಕ್ಕ. ಕಡಲೆಹಿಟ್ಟು ಹಚ್ಚಿಸಿದರು, ರಾತ್ರಿ ಅನ್ನ ಬಿಡಿಸಿದರು, ಮನೆಗೆ ಬಂದ ನೆಂಟರೆಲ್ಲ ಗಲ್ಲ ಹಿಡಿದು ನೋಡಿ ಉಪಾಯ ಹೇಳಿದರು. ಐದು ತಿಂಗಳಲ್ಲಿ ಅವಳು ಬಾಡಿಹೋದಳು.

ಒಂದು ಸಂಜೆ ಒಬ್ಬಳೇ ಬಂದಳು, ಕೈಚೀಲದಲ್ಲಿ ಅದೇ ಸೀರೆ. "ನೀನು ಬೇಕಂತಲೇ ಮಾಡಿದ್ದು ನಂಗೆ ಅವತ್ತೇ ಗೊತ್ತಾಯ್ತು" ಎಂದಳು. "ಖುಷಿನೂ ಆಗಿತ್ತು. ಆದ್ರೆ ದಿನಾ ನನ್ನ ಮುಖದ್ದೇ ಪಂಚಾಯ್ತಿ ಕಣೇ. ಈಗ ಕನ್ನಡಿ ನೋಡ್ಕೊಳೋಕೂ ಮನಸ್ಸಾಗಲ್ಲ. ಒಂದ್ಸಲ ಚೆನ್ನಾಗಿ ತೆಗಿ."

"ಮತ್ತೆ ಎಂತ ಮಾಡುದು?" ಎಂದೆ.

"ನೀನೇ ಹೇಳು."

ಬಾ, ಇಲ್ಲೇ ಇದ್ದುಬಿಡು ಎನ್ನಬಹುದಿತ್ತು. ಅವಳು ಕಾದದ್ದು ಆ ಒಂದು ಮಾತಿಗೆ, ಅದು ನನಗೆ ಗೊತ್ತಿತ್ತು. ಆದರೆ ಸುದ್ದಿ ಹಬ್ಬಿದರೆ ಈ ತಾಯಂದಿರಲ್ಲಿ ಒಬ್ಬರೂ ಬರುವುದಿಲ್ಲ, ಸ್ಟುಡಿಯೋ ಮುಚ್ಚಬೇಕು ಎಂದು ಹೆದರಿದೆ. ಹೇಡಿ ನಾನು. ಎದ್ದು ಲೈಟುಗಳನ್ನು ಸರಿಮಾಡಿದೆ.

ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ ಪಕ್ಕದಲ್ಲಿ ನಿಂತೆ. ಅವಳನ್ನೇ ನೋಡಿದೆ. ಸ್ವಲ್ಪ ಹೊತ್ತಿಗೆ ಅವಳೂ ತಲೆ ಎತ್ತಿ ನೋಡಿ, ನಿಧಾನವಾಗಿ ನಕ್ಕಳು. ಆಗ ಗುಂಡಿ ಒತ್ತಿದೆ. ಅಷ್ಟು ಒಳ್ಳೆಯ ಫೋಟೋ ನಾನು ಮೊದಲೂ ತೆಗೆದಿರಲಿಲ್ಲ, ಆಮೇಲೂ ತೆಗೆದಿಲ್ಲ. ನನ್ನ ಕಾಲ ಮೇಲೆ ನಾನೇ ಚಪ್ಪಡಿ ಎಳೆದುಕೊಂಡೆ.

ತಿಂಗಳೊಳಗೆ ನಿಶ್ಚಯವಾಯಿತು. ಹುಡುಗ ಬೆಂಗಳೂರಿನವನು, ಇಲ್ಲೇ ಹತ್ತಿರದ ಘಣಸೋಲಿಯಲ್ಲಿ ಫ್ಲ್ಯಾಟ್. ಮದುವೆಯ ಫೋಟೋಗೆ ನನ್ನನ್ನೇ ಕರೆದರು. ಕೈ ನೋವೆಂದು ಸುಳ್ಳು ಹೇಳಿದೆ. ಅಕ್ಷತೆ ಹಾಕಿ, ಊಟಕ್ಕೆ ಕೂರದೆ ಬಂದೆ. ಆಮೇಲೆ ಅವಳು ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಕಳೆದ ತಿಂಗಳು ಅವಳ ಗಂಡ ಸ್ಟುಡಿಯೋಗೆ ಬಂದ. ಮೃದು ಮಾತಿನ, ಸಂಕೋಚದ ಮನುಷ್ಯ. ದ್ವೇಷಿಸಲು ನೋಡಿದೆ, ಆಗಲಿಲ್ಲ. ಮೊಬೈಲಿನಲ್ಲಿ ಆ ಫೋಟೋ ತೋರಿಸಿದ.

"ಇದನ್ನ ದೊಡ್ಡದು ಮಾಡಿ ಫ್ರೇಮ್ ಹಾಕಿಕೊಡಿ ಮೇಡಂ. ಇದನ್ನ ನೋಡೇ ನಾನು ಒಪ್ಪಿದ್ದು. ನನ್ನನ್ನೇ ನೋಡಿ ನಗ್ತಿದಾಳೆ ಅನ್ನಿಸ್ತು." ಮತ್ತೆ ಆ ಫೋಟೋ ನೋಡಿ ಹೇಳಿದ, "ಮದುವೆ ಆಲ್ಬಮ್ಮಲ್ಲಿ ಒಂದ್ರಲ್ಲೂ ಹೀಗಿಲ್ಲ. ಮನೇಲೂ... ಒಳ್ಳೇವಳು, ಎಲ್ಲಾ ಮಾಡ್ತಾಳೆ. ಹೀಗೆ ಮಾತ್ರ ನಗಲ್ಲ. ಅವತ್ತು ನೀವು ಏನು ಹೇಳಿ ನಗಿಸಿದ್ರಿ?"

"ಎಂತದೂ ಹೇಳ್ಲಿಲ್ಲ" ಎಂದೆ.

ಕಸುಬಿನ ಗುಟ್ಟು ಬಿಟ್ಟುಕೊಡುತ್ತಿಲ್ಲ ಎಂದುಕೊಂಡನೋ ಏನೋ, ಬೇಡುವವನ ಹಾಗೆ ಹತ್ತಿರ ಬಂದ. "ಹೇಳಿ ಮೇಡಂ, ಪ್ಲೀಸ್. ನಾನೂ ಹೇಳಿ ನೋಡ್ತೀನಿ."